ಎಳೆಮಕ್ಕಳಲ್ಲಿ ಆಟಿಸಂ ನಿರ್ಣಯ

೧೯೪೩ರಲ್ಲಿ ಲಿಯೋ ಕ್ಯಾನರ್ ವರ್ಣಿಸಿದ ಆಟಿಸಂ ಎಂಬ ವಿಕಾಸವ್ಯತ್ಯಯವು ರಕ್ತಪರೀಕ್ಷೆಯಿಂದಾಗಲಿ ಮಿದುಳಿನ ಚಿತ್ರದಿಂದಾಗಲಿ ಗೋಚರಿಸತಕ್ಕುದಲ್ಲ. ಮಗುವಿನ ನಡತೆಯನ್ನು ನೋಡಿಯೇ ತಿಳಿಯಬೇಕು. ನುರಿತ ಕಣ್ಣಿಗೆ ಎರಡು ವರ್ಷದ ಮಗುವಿನಲ್ಲಿಯೇ ಇದು ಕಾಣುವುದುಂಟು. ಆದರೆ ಅಂತಹ ತಜ್ಞರು ವಿರಳ. ಅಮೆರಿಕದಲ್ಲಿಯೂ ಅವರ ದರ್ಶನಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಮಾತು ಕಲಿಯುವ ಪ್ರಾಯವು ಅಷ್ಟರಲ್ಲಿ ಕಳೆದುಹೋಗುತ್ತದೆ.

ಆದುದರಿಂದ ಅಲ್ಲಿಯ ಟೆನೆಸೀ ಸಂಸ್ಥಾನದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದವರು ಊರೂರ ಶಿಶುವೈದ್ಯರಿಗೇ ಈ ವಿದ್ಯೆಯನ್ನು ಕಲಿಸತೊಡಗಿದರು. ಮನಶ್ಶಾಸ್ತ್ರಜ್ಞೆ ವೆಂಡಿ ಸ್ಟೋನ್ ರಚಿಸಿದ ‘ಸ್ಟ್ಯಾಟ್’ ಪರೀಕ್ಷೆ ಇದಕ್ಕೆ ಸಾಧನ: ೨೪ರಿಂದ ೩೬ ತಿಂಗಳ ಮಕ್ಕಳಿಗೆ ೧೨ ಆಟಗಳು, ಸುಮಾರು ೨೦ ನಿಮಿಷ. ಬಿಗಿಯಾಗಿ ಮುಚ್ಚಿದ ಪಾರದರ್ಶಕ ಡಬ್ಬಿಯಲ್ಲಿ ತಿಂಡಿಯಿದೆ. ತೆರೆಯಲಾರದ ಮಗು ವೈದ್ಯರ ಮುಖವನ್ನು ನೋಡಿ ಬೇಡುವುದೋ, ಅಥವಾ ಅವರ ಕೈಯನ್ನು ಮಾತ್ರ ಹಿಡಿದು ಡಬ್ಬಿಯ ಮೇಲಿಡುವುದೋ? ವೈದ್ಯರು ನೋಡಲು ಕಲಿಯಬೇಕಾದುದು ಇಂತಹುದನ್ನೇ. ಪುಸ್ತಕದಿಂದ ಇದು ಬರುವುದಿಲ್ಲ.

ಮಿಸೂರಿಯಲ್ಲಿ ೨೦೧೫ರಲ್ಲಿ ಆರಂಭವಾದ ‘ಎಕೊ ಆಟಿಸಂ’ ಯೋಜನೆಯಲ್ಲಿ ದೂರದ ವೈದ್ಯರು ತಾವು ನೋಡಿದ ಮಕ್ಕಳ ವೃತ್ತಾಂತವನ್ನು ದೃಶ್ಯಸಂಪರ್ಕದ ಮೂಲಕ ತಜ್ಞರ ಮುಂದಿಟ್ಟು ಚರ್ಚಿಸುತ್ತಾರೆ.

ಇಪ್ಪತ್ತು ನಿಮಿಷದ ಆಟವೊಂದೇ ನಿರ್ಣಯಕ್ಕೆ ಸಾಲದೆಂಬುದು ನಿಜ. ತಾಯಿತಂದೆಗಳ ಹೇಳಿಕೆಯನ್ನು ಕೇಳಬೇಕು, ಮಗುವಿನ ಕಿವಿಯನ್ನು ಪರೀಕ್ಷಿಸಬೇಕು. ಸಂದೇಹವುಳಿದರೆ ತಜ್ಞರಲ್ಲಿಗೇ ಕಳುಹಿಸಬೇಕು.