ಚಪ್ಪಟೆ ಅಖಾಡವೇ ನ್ಯಾಯವಾದ ಅಖಾಡವೇ?

ಸೂಪರ್ ಸ್ಮ್ಯಾಶ್ ಬ್ರದರ್ಸ್ ಆಡುವವರ ಗ್ರೂಪ್‌ಗಳಲ್ಲಿ ಒಂದು ಮಾತು ಆಗಾಗ ಓಡಾಡುತ್ತದೆ: ನಿಜವಾದ ಸಾಮರ್ಥ್ಯ ಗೊತ್ತಾಗುವುದು ಫೈನಲ್ ಡೆಸ್ಟಿನೇಷನ್‌ನಲ್ಲಿ ಮಾತ್ರ. ಈ ಅಖಾಡ ಪೂರ್ತಿ ಚಪ್ಪಟೆ, ಮೇಲೆ ತೇಲುವ ಹಲಗೆಗಳಿಲ್ಲ. ಅಡ್ಡಿಯೇ ಇಲ್ಲದ ಮೇಲೆ ಇಬ್ಬರಿಗೂ ಸಮಾನ ತಾನೇ?

ಅಲ್ಲ. 2001ರ ಮೆಲೀ ಆವೃತ್ತಿಯನ್ನೇ ನೋಡೋಣ. ಕತ್ತಿವೀರ ಮಾರ್ತ್, ಬೇಗ ಕೆಳಗೆ ಬೀಳುವ ಫಾಕ್ಸ್‌ನನ್ನು ಹಿಡಿದು ಮೇಲಕ್ಕೆಸೆದರೆ, ಬೀಳುವಾಗ ಮತ್ತೆ ಹಿಡಿಯಬಹುದು, ಮತ್ತೆ ಎಸೆಯಬಹುದು. ಬ್ಯಾಟಲ್‌ಫೀಲ್ಡ್ ಅಖಾಡದಲ್ಲಿ ಮೂರು ಹಲಗೆಗಳಿವೆ. ಫಾಕ್ಸ್ ಅವುಗಳ ಮೇಲೆ ಇಳಿದು ಈ ಸರಪಳಿ ತುಂಡರಿಸಬಹುದು. ಚಪ್ಪಟೆ ನೆಲದಲ್ಲಿ ಆ ಆಸರೆ ಇಲ್ಲ. ದೂರದಿಂದ ಗುಂಡು, ಬಾಣ ಎಸೆಯುವ ಪಾತ್ರಗಳಿಗೂ ಅಲ್ಲಿ ಹಬ್ಬವೇ.

ಹಾಗಂತ ಎಲ್ಲ ಅಖಾಡವೂ ಸರಿ ಎನ್ನಲಾಗದು. ಹೈರೂಲ್ ಟೆಂಪಲ್ ಎಷ್ಟು ದೊಡ್ಡದೆಂದರೆ, ಮುಂದಿರುವವರು ಸುತ್ತು ಹಾಕುತ್ತಲೇ ಸಮಯ ಮುಗಿಸಬಹುದು. (ಮನೆಯಲ್ಲಿ ನಾಲ್ವರು ಆಡಲು ಅದೇ ಮಜಾ, ಬಿಡಿ.) ಮೆಲೀಯ 29 ಅಖಾಡಗಳಲ್ಲಿ ಟೂರ್ನಿಗಳಿಗೆ ಉಳಿದವು ಬೆರಳೆಣಿಕೆಯಷ್ಟು.

ಟೂರ್ನಿಗಳಲ್ಲಿ ಸಾಮಾನ್ಯವಾಗಿ ಐದು ಅಖಾಡಗಳ ಪಟ್ಟಿಯಿಂದ ಮೊದಲ ಆಟಗಾರ ಒಂದನ್ನು, ಎರಡನೆಯವರು ಎರಡನ್ನು ತೆಗೆದುಹಾಕುತ್ತಾರೆ. ಉಳಿದ ಎರಡರಲ್ಲಿ ಆಯ್ಕೆ ಮತ್ತೆ ಮೊದಲಿನವರದ್ದು. ಮುಂದಿನ ಆಟಕ್ಕೆ ಅಖಾಡ ಆರಿಸುವವರು ಸೋತವರು.