ಏಳು ಕಲ್ಲು, ಏಳು ಅಂಕಿತ

ದೋಣಿಮಲೈಗೆ ಹೊಸದಾಗಿ ಬಂದವರು ಮೊದಲು ಕೇಳುವ ಪ್ರಶ್ನೆ, "ದೋಣಿ ಎಲ್ಲಿದೆ?" ಇಲ್ಲಿ ದೋಣಿಯೂ ಇಲ್ಲ, ಅದನ್ನು ತೇಲಿಸುವಂಥ ಹೊಳೆಯೂ ಇಲ್ಲ. ಇರುವುದು ಸಂಡೂರಿನ ಬೆಟ್ಟಸಾಲು, 1977ರಲ್ಲಿ ಶುರುವಾದ ಕಬ್ಬಿಣದ ಅದಿರಿನ ಗಣಿ, ಅದರಿಂದಾಗಿ ಹುಟ್ಟಿದ ನಮ್ಮ ಕಾಲೊನಿ. ಬಿಳಿ ಪಂಚೆ ಒಣಹಾಕಿದರೆ ಸಂಜೆಗೆ ಕಾವಿ ಆಗಿರುತ್ತದೆ ಎಂದು ನಾವೇ ತಮಾಷೆ ಮಾಡಿಕೊಳ್ಳುತ್ತೇವೆ.

ಗಣಿ ಕೆಲಸದಿಂದ ನಿವೃತ್ತನಾದ ಮೇಲೂ ಮಗನ ಜೊತೆ ಇಲ್ಲೇ ಉಳಿದೆ. ಭಾನುವಾರ ಬೆಳಿಗ್ಗೆ ದೇವಸ್ಥಾನದ ಪಡಸಾಲೆಯಲ್ಲಿ ಹದಿನಾಲ್ಕು ಮಕ್ಕಳಿಗೆ ಶರಣರ, ದಾಸರ ಕಥೆ ಹೇಳುತ್ತೇನೆ. ಕೆಲವರ ಮನೆಮಾತು ತೆಲುಗು, ಇಬ್ಬರದು ಹಿಂದಿ. ಎಲ್ಲರಿಗೂ ನಾನು 'ತಾತ'.

ಕಥೆ ಹೇಳುವುದು ಸುಲಭ. ಮುಂದಿನ ವಾರ ಅದು ಎಷ್ಟು ಉಳಿದಿದೆ ಎಂದು ನೋಡುವುದು ಕಷ್ಟ. ಅದಕ್ಕೆ ನಾನು ಒಂದು ಆಟ ಮಾಡಿದ್ದೆ. ಎಲ್ಲರೂ ನಿಲ್ಲಬೇಕು, ನಾನು ಪ್ರಶ್ನೆ ಕೇಳಬೇಕು, ತಪ್ಪು ಹೇಳಿದವರು ಕೂರಬೇಕು. ಕೊನೆಗೆ ನಿಂತವರಿಗೆ ಕಡ್ಲೆಮಿಠಾಯಿ. ಮಕ್ಕಳು ಕುಣಿಯುತ್ತಿದ್ದರು, ನನಗೂ ಹೆಮ್ಮೆಯಾಗುತ್ತಿತ್ತು. ಮಿಠಾಯಿ ಪ್ರತಿ ವಾರ ಒಬ್ಬಳೇ ಹುಡುಗಿಗೆ ಹೋಗುತ್ತಿದೆ ಎಂಬುದು ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಪ್ರತಿ ವಾರ ಮೊದಲು ಕೂರುವವನೂ ಒಬ್ಬನೇ ಎಂಬುದೂ.

ಆ ಹುಡುಗ ಮೂರು ವಾರ ಬರಲಿಲ್ಲ. ಜ್ವರವೇನೋ ಅಂದುಕೊಂಡೆ. ಒಂದು ಸಂಜೆ ಅವನ ಅಜ್ಜಿ ಹಾಲಿನ ಅಂಗಡಿಯ ಹತ್ತಿರ ಸಿಕ್ಕರು. "ಮೊದ್ಲು ಕುಂದ್ರೋದಾದ್ರ ಮನ್ಯಾಗೇ ಕುಂದರ್ತೀನಿ ಅಂತಾನ್ರೀ" ಅಂದರು. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಯಾರಿಗೆ ಪಾಠ ಮತ್ತೊಮ್ಮೆ ಬೇಕಿತ್ತೋ ಅವರನ್ನೇ ಐದು ನಿಮಿಷದಲ್ಲಿ ಆಟದಿಂದ ಎಬ್ಬಿಸಿ ಮೂಲೆಗೆ ಕೂರಿಸುತ್ತಿದ್ದೆ ನಾನು.

ಆ ರಾತ್ರಿ ನೆನಪಾದದ್ದು ಲಗೋರಿ. ಅಜ್ಜ–ಅಜ್ಜಿಯರಿಗೆ ಇದನ್ನು ವಿವರಿಸಬೇಕಿಲ್ಲ. ಮಕ್ಕಳೇ, ನೀವು ಆಡಿಲ್ಲದಿದ್ದರೆ ಕೇಳಿ: ಏಳು ಚಪ್ಪಟೆ ಕಲ್ಲು ಒಂದರ ಮೇಲೊಂದು ಪೇರಿಸಿ ಒಂದು ತಂಡ ಚೆಂಡಿನಿಂದ ಬೀಳಿಸುತ್ತದೆ. ಎದುರು ತಂಡ ಚೆಂಡಿನಲ್ಲಿ ಹೊಡೆಯುವುದರೊಳಗೆ ಬೀಳಿಸಿದವರೇ ಅದನ್ನು ಮತ್ತೆ ಕಟ್ಟಬೇಕು. ಏಳು ಕಲ್ಲು, ನಮ್ಮಲ್ಲಿ ಏಳೇಳು ಮಕ್ಕಳ ಎರಡು ತಂಡ. ಲೆಕ್ಕ ತಾನಾಗಿ ಕೂಡಿಬಂತು.

ಆಗ ನಾವು ಕಲಿಯುತ್ತಿದ್ದುದು ಅಂಕಿತಗಳನ್ನು. ವಚನದ, ಕೀರ್ತನೆಯ ಕೊನೆಯಲ್ಲಿ ಬರುವ ಆ ಹೆಸರಿನಿಂದಲೇ ಅದು ಯಾರದೆಂದು ತಿಳಿಯುವುದು. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮಪ್ರಭು, ರಾಮನಾಥ ಎಂದರೆ ದೇವರ ದಾಸಿಮಯ್ಯ, ಕಾಗಿನೆಲೆಯಾದಿಕೇಶವ ಎಂದರೆ ಕನಕದಾಸರು. ಕಾಲು ಜಾರುವ ಜಾಗಗಳೂ ಇವೆ. ಚೆನ್ನಮಲ್ಲಿಕಾರ್ಜುನ ಅಕ್ಕಮಹಾದೇವಿಯದು, ಕಪಿಲಸಿದ್ಧಮಲ್ಲಿಕಾರ್ಜುನ ಸೊನ್ನಲಿಗೆಯ ಸಿದ್ಧರಾಮನದು. ಪುರಂದರ ವಿಠಲ, ವಿಜಯ ವಿಠಲ, ಜಗನ್ನಾಥ ವಿಠಲ ಮೂವರೂ ಬೇರೆ ಬೇರೆ ದಾಸರು.

ಕಡಪ ಕಲ್ಲಿನ ಚೂರುಗಳ ಮೇಲೆ ಸೀಮೆಸುಣ್ಣದಲ್ಲಿ ಅಂಕಿತ ಬರೆದೆ. ಹುಡುಗನೂ ಬಂದ, ಅವನ ಹಿಂದೆಯೇ ಅಜ್ಜಿಯೂ ಬಂದರು. ಕಲ್ಲು ನೋಡಿದ್ದೇ ತಡ, "ದೇವ್ರ ಹೆಸರಿಗೆ ಚೆಂಡಿಲೆ ಹೊಡಸ್ತೀರೇನ್ರೀ?" ಅಂದರು. ನನಗೆ ಹೊಳೆದೇ ಇರಲಿಲ್ಲ. ಅಲ್ಲೇ ಅಳಿಸಿ, ಕಲ್ಲಿಗೆ ಒಂದರಿಂದ ಏಳರವರೆಗೆ ಅಂಕಿ ಬರೆದೆವು. ಅಂಕಿತಗಳು ಚೀಟಿಗೆ ಹೋದವು, ಚೀಟಿಗಳು ತಟ್ಟೆಗೆ, ತಟ್ಟೆ ಅಜ್ಜಿಯ ಕೈಗೆ. ಅಂದಿನಿಂದ ಚೀಟಿ ಓದುವವರು ಅವರೇ.

ನಿಯಮ ಹೀಗೆ. ಕಲ್ಲು ಎತ್ತಿಕೊಂಡವರಿಗೆ ಅಜ್ಜಿ ಒಂದು ಚೀಟಿ ಓದುತ್ತಾರೆ. ಹತ್ತು ಎಣಿಸುವವರೆಗೆ ಯಾರೂ ಚೆಂಡು ಎಸೆಯುವಂತಿಲ್ಲ. ಸರಿ ಹೇಳಿದರೆ ಕಲ್ಲು ಇಡಬಹುದು. ತಪ್ಪಿದರೆ ಅಥವಾ ಚೆಂಡು ತಾಗಿದರೆ ಕಲ್ಲು ನೆಲಕ್ಕೆ, ಮಗು ಸಾಲಿನ ಕೊನೆಗೆ. ಯಾರೂ ಔಟಿಲ್ಲ. ಒಬ್ಬರು ಒಂದೇ ಕಲ್ಲು ಇಡಬೇಕು. ಗೊತ್ತಾಗದವರಿಗೆ ತಂಡದವರು ಹೆಸರಿನ ಮೊದಲ ಅಕ್ಷರ ಮಾತ್ರ ಹೇಳಬಹುದು. ಚೆಂಡು ಬಟ್ಟೆಯದು.

ಒಬ್ಬರಿಗೆ ಒಂದೇ ಕಲ್ಲು ಎನ್ನುವುದೇ ಎಲ್ಲವನ್ನೂ ಬದಲಿಸಿತು. ಮಿಠಾಯಿ ಹುಡುಗಿ ತನ್ನ ಕಲ್ಲು ಇಟ್ಟು ಮುಗಿಸಿದಳು. ಉಳಿದ ಆರು ಬಾಯಿಗಳಿಂದ ಉತ್ತರ ಬರದಿದ್ದರೆ ಅವಳೂ ಗೆಲ್ಲುವಂತಿಲ್ಲ. ಮುಂದಿನ ಭಾನುವಾರ ಅರ್ಧ ಗಂಟೆ ಮೊದಲೇ ಬಂದು ಜಗಲಿಯ ಮೇಲೆ ಹುಡುಗನನ್ನು ಕೂರಿಸಿಕೊಂಡು ಹೇಳಿಕೊಡುತ್ತಿದ್ದಳು. ನನಗಿಂತ ಚೆನ್ನಾಗಿಯೇ ಹೇಳಿಕೊಡುತ್ತಿದ್ದಳು ಅನ್ನಿ. "ಎಲ್ಲರೂ ದೇವರ ಹೆಸರು ಹಾಕಿದ್ರು. ಅಂಬಿಗರ ಚೌಡಯ್ಯ ಮಾತ್ರ ತನ್ನ ಹೆಸರೇ ಹಾಕ್ಕೊಂಡ. ಅಂದ್ರೆ ಪ್ರಶ್ನೇನೇ ಉತ್ತರ!" ಹುಡುಗ ನಕ್ಕ. "ದೋಣಿ ನಡೆಸೋನಲ್ಲ? ಹಂಗಾದ್ರೆ ಆತ ನಮ್ಮ ಊರಾತ!"

ಜಗಳಗಳಿಗೇನೂ ಕಡಿಮೆಯಿಲ್ಲ. ಹತ್ತನ್ನು ಬೇಗ ಎಣಿಸಿದರು ಎಂದು ಒಂದು ಭಾನುವಾರ ಇಡೀ ತಂಡ ಮುನಿಸಿಕೊಂಡಿತು. ಮೂರನೇ ಕಲ್ಲು ಎರಡು ಚೂರಾಯಿತು.

ದಾಸರ ಪಾಠ ಮುಗಿದಾಗ ಹಂಪಿಗೆ ಹೋದೆವು. ತುಂಗಭದ್ರೆಯ ದಡದ ಪುರಂದರ ಮಂಟಪದಲ್ಲಿ ಬುತ್ತಿ ಬಿಚ್ಚಿದೆವು. ವ್ಯಾಸರಾಯರು ಪ್ರತಿಷ್ಠಾಪಿಸಿದರೆನ್ನುವ ಯಂತ್ರೋದ್ಧಾರಕ ಆಂಜನೇಯನ ಮುಂದೆ ಎರಡೂ ತಂಡಕ್ಕೆ ಒಂದು ಕೆಲಸ: ಯಂತ್ರದ ಸುತ್ತ ಎಷ್ಟು ಕೋತಿಗಳಿವೆ, ಎಣಿಸಿ. ಒಂದು ತಂಡ ಹನ್ನೊಂದು ಅಂದಿತು, ಇನ್ನೊಂದು ಹನ್ನೆರಡು. ಒಂದರ ಬಾಲ ಇನ್ನೊಂದು ಹಿಡಿದು ಸುತ್ತ ಕೂತಿವೆ, ಎಲ್ಲಿಂದ ಶುರು ಮಾಡಿದೆವು ಎಂಬುದೇ ಮರೆತುಹೋಗುತ್ತದೆ. ಎರಡೂ ತಂಡ ಸೇರಿ ಮತ್ತೆ ಎಣಿಸಿದಾಗ ಹನ್ನೆರಡೇ.

ಹಂಪಿಯಿಂದ ಬಂದ ಮುಂದಿನ ವಾರ ತಟ್ಟೆಯಲ್ಲಿ ಎಂಟು ಚೀಟಿ ಇದ್ದವು. ಎಂಟನೆಯದನ್ನು ಹುಡುಗನೇ ಬರೆದಿದ್ದ, ಅಜ್ಜಿಯನ್ನು ಕೇಳಿ.

"ಇದು ತಾತಂಗೆ" ಅಂದ.

ಅಜ್ಜಿ ಓದಿದರು: "ಅಜಗಣ್ಣ."

ಹದಿನಾಲ್ಕು ಮಕ್ಕಳೂ ಹತ್ತು ಎಣಿಸತೊಡಗಿದರು. ಗೊತ್ತಿತ್ತು, ಅಣ್ಣನ ಹೆಸರನ್ನೇ ಅಂಕಿತ ಮಾಡಿಕೊಂಡ ಶರಣೆ, ಕಥೆಯೆಲ್ಲ ನೆನಪಿದೆ, ಹೆಸರು ಮಾತ್ರ ಬಾಯಿಗೆ ಬರುತ್ತಿಲ್ಲ. ಏಳು, ಎಂಟು... ಹುಡುಗ ನನ್ನ ಪಕ್ಕಕ್ಕೆ ಬಂದು, ಕೈ ಅಡ್ಡ ಹಿಡಿದು, ಕಿವಿಯಲ್ಲಿ ಮೆಲ್ಲಗೆ ಅಂದ:

"ಮು..."