ಹೋಗುವ ದಾರಿ, ಬರುವ ದಾರಿ

ಲಂಡನ್ ಮತ್ತು ನ್ಯೂಯಾರ್ಕ್ ನಗರಗಳ ನಡುವಣ ಆಕಾಶಮಾರ್ಗದ ದೂರ ಸುಮಾರು 5,540 ಕಿಲೋಮೀಟರ್. ಲಂಡನ್ನಿನಿಂದ ಹೊರಟ ವಿಮಾನವು ನ್ಯೂಯಾರ್ಕನ್ನು ಮುಟ್ಟಲು ಸಾಮಾನ್ಯವಾಗಿ ಎಂಟು ಗಂಟೆಗಳಷ್ಟು ಕಾಲ ಹಾರಬೇಕು. ಅದೇ ವಿಮಾನ ಹಿಂದಿರುಗುವಾಗ ಏಳು ಗಂಟೆಯೊಳಗೇ ಬಂದುಬಿಡುವುದುಂಟು. ದೂರ ಒಂದೇ ಆಗಿರುವಾಗ ಕಾಲದಲ್ಲಿ ಈ ಅಂತರವೇಕೆ?

ಭೂಮಿಯು ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆಯಷ್ಟೆ. ಹಾಗಾದರೆ ಪಶ್ಚಿಮಕ್ಕೆ ಹಾರುವ ವಿಮಾನದ ಕಡೆಗೆ ನ್ಯೂಯಾರ್ಕ್ ತಾನಾಗಿಯೇ ಧಾವಿಸಿ ಬರಬೇಕಲ್ಲವೆ ಎಂದು ಜಾಣ ವಿದ್ಯಾರ್ಥಿಯೊಬ್ಬನು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಆದರೆ ಭೂಮಿಯೊಡನೆ ಅದನ್ನು ಕವಿದಿರುವ ವಾಯುಮಂಡಲವೂ ತಿರುಗುತ್ತದೆ. ವಿಮಾನವು ಹಾರುವುದು ಆ ವಾಯುವಿನಲ್ಲಿಯೇ. ಓಡುವ ರೈಲಿನ ಡಬ್ಬಿಯೊಳಗೆ ಹಿಂದುಹಿಂದಕ್ಕೆ ಹಾರುವ ನೊಣಕ್ಕೆ ಹಿಂದಿನ ಗೋಡೆ ಬೇಗನೆ ಎದುರಾಗುವುದಿಲ್ಲ.

ನಿಜವಾದ ಕಾರಣ ಗಾಳಿ. ನೆಲದಿಂದ ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ, ಧ್ರುವದ ಕಡೆಯ ಶೀತಲ ವಾಯುವೂ ದಕ್ಷಿಣದ ಬೆಚ್ಚನೆಯ ವಾಯುವೂ ಸಂಧಿಸುವೆಡೆಯಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೊಂದು ಹರಿಯುತ್ತದೆ. ಅದಕ್ಕೆ ಜೆಟ್ ಪ್ರವಾಹವೆಂದು ಹೆಸರು. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 300 ಕಿಲೋಮೀಟರನ್ನೂ ಮೀರುವುದುಂಟು. 2020ರ ಫೆಬ್ರವರಿಯಲ್ಲಿ ಈ ಹೊಳೆಯೊಡನೆ ಸಾಗಿದ ಬೋಯಿಂಗ್ 747 ವಿಮಾನವೊಂದು ನ್ಯೂಯಾರ್ಕಿನಿಂದ 4 ಗಂಟೆ 56 ನಿಮಿಷಗಳಲ್ಲಿ ಲಂಡನ್ನಿಗೆ ಬಂದಿಳಿಯಿತು!

ಎದುರುಗಾಳಿಯಲ್ಲಿ ಹಾರುವ ವಿಮಾನದ ಪಾಡು ಬೇರೆ. ಗಾಳಿ ಬಲವಾದಷ್ಟೂ ಇಂಧನ ಹೆಚ್ಚು ಬೇಕು. ಕೆಳಗೆ ಅಟ್ಲಾಂಟಿಕ್ ಸಾಗರವಿರುವುದರಿಂದ ಎಲ್ಲೆಂದರಲ್ಲಿ ಇಳಿಯುವಂತೆಯೂ ಇಲ್ಲ. ಇಂಧನ ಸಾಲದೆಂಬ ಶಂಕೆಯಿಂದ ನ್ಯೂಫೌಂಡ್‌ಲೆಂಡ್ ದ್ವೀಪದ ಗ್ಯಾಂಡರ್ ನಿಲ್ದಾಣದಲ್ಲಿ ಇಳಿದು, ತುಂಬಿಸಿಕೊಂಡು ಮುಂದುವರಿದ ವಿಮಾನಗಳುಂಟು. ಆದುದರಿಂದ ಮಾರ್ಗವನ್ನು ಗೊತ್ತುಮಾಡುವವರು ಪ್ರತಿದಿನವೂ ಗಾಳಿಯ ನಕಾಶೆಯನ್ನು ಪರಿಶೀಲಿಸುತ್ತಾರೆ. ಪಶ್ಚಿಮಕ್ಕೆ ಹೋಗುವಾಗ ಆ ಹೊಳೆಯನ್ನು ತಪ್ಪಿಸಲು, ದೂರ ಹೆಚ್ಚಾದರೂ ಚಿಂತೆಯಿಲ್ಲವೆಂದು, ಬಳಸುದಾರಿಯನ್ನೇ ಆರಿಸಿಕೊಳ್ಳುವುದೂ ಉಂಟು.